ನೀಲ್ ದ್ವೀಪದ ಕಲ್ಲಿನ ಸೇತುವೆಗೆ ಹೊರಟಿದ್ದರೆ ಮೊದಲು ಇಳಿತದ ಹೊತ್ತು ಕೇಳಿ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಭತ್ತದ ಕೊಯ್ಲು ಮುಗಿದ ಮೇಲೆ ಅಂಡಮಾನ್ ಪ್ಯಾಕೇಜ್ ಹಿಡಿದು ಹೊರಡುವವರು ಈಗೀಗ ಬಹಳ ಜನ ಆಗಿದ್ದಾರೆ. ನಿಮ್ಮ ಪ್ಯಾಕೇಜಿನಲ್ಲಿ ನೀಲ್ ದ್ವೀಪ ಇದ್ದು, ಅದರ ಕೆಳಗೆ ‘ನ್ಯಾಚುರಲ್ ಬ್ರಿಡ್ಜ್’ ಅಂತ ಬರೆದಿದ್ದರೆ, ಅಲ್ಲಿಗೆ ಎಷ್ಟು ಗಂಟೆಗೆ ಕರೆದೊಯ್ಯುತ್ತಾರೆ, ಆ ದಿನ ಸಮುದ್ರದ ಇಳಿತ ಎಷ್ಟು ಗಂಟೆಗೆ, ಈ ಎರಡನ್ನೂ ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಎರಡೂ ಹೊಂದದಿದ್ದರೆ ಆ ಜಾಗವನ್ನೇ ಬಿಟ್ಟುಬಿಡಿ. ನಮ್ಮನ್ನು ಕಳಿಸಿದ ಏಜೆಂಟ್ ಇದನ್ನು ನೋಡಲಿಲ್ಲ. ನಮ್ಮ ಅತ್ತೆ ಇವತ್ತಿಗೂ ಕುಂಟುತ್ತಲೇ ನಡೆಯುತ್ತಾರೆ.

ನೀಲ್‌ಗೆ 2018ರಿಂದ ಶಹೀದ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಎರಡು ತಾಸಿನ ಹಾದಿ. 1960ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಅಲ್ಲಿ ಭೂಮಿ ಕೊಟ್ಟು ಊರು ಕಟ್ಟಿದರು. ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಬಂಗಾಳಿ ನಿರಾಶ್ರಿತರು ಆಡುವ ಮಾತೇ ಅಲ್ಲಿಯೂ ಕಿವಿಗೆ ಬೀಳುತ್ತದೆ. ಲಕ್ಷ್ಮಣಪುರದ ಎರಡನೇ ಬೀಚಿನಲ್ಲಿ ಸಮುದ್ರ ಸುಣ್ಣದ ಕಲ್ಲನ್ನು ಕೊರೆದು ಮಾಡಿದ ದೊಡ್ಡ ಕಮಾನಿದೆ, ಮೇಲೆ ಗಿಡ ಬಳ್ಳಿ ಬೆಳೆದಿದೆ. ಊರವರು ಅದನ್ನು ಹೌರಾ ಬ್ರಿಡ್ಜ್ ಅನ್ನುತ್ತಾರೆ. ಚೆಂದ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಹತ್ತಿರ ಹೋಗುವ ದಾರಿ ನೆಲದ ದಾರಿಯಲ್ಲ, ಸಮುದ್ರದ ತಳ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಸತ್ತ ಹವಳದ ಹಾಸು ಬಯಲಾಗುತ್ತದೆ, ಅದರ ಮೇಲೆ ನಡೆದು ಹೋಗಬೇಕು. ಉಬ್ಬರ ಬಂದಾಗ ಅದೇ ದಾರಿ ನೀರಿನ ಕೆಳಗೆ. ಒಂದು ಕಡೆ ಕಡಿದಾದ ದಂಡೆ, ಇನ್ನೊಂದು ಕಡೆ ಸಮುದ್ರ, ಪಕ್ಕಕ್ಕೆ ಸರಿದು ನಿಲ್ಲುವ ಜಾಗ ಕಡಿಮೆ.

ನಮ್ಮ ಕಡೆಯವರಿಗೆ ಇದು ಅಂದಾಜಿಗೆ ಸಿಗದಿರಲು ಕಾರಣ ಇದೆ. ನಾವು ಹುಟ್ಟಿದಾಗಿನಿಂದ ಕಲ್ಲು, ನೀರು ಎರಡನ್ನೂ ನೋಡಿದವರು. ಆನೆಗೊಂದಿ, ಸಾಣಾಪುರದ ಬಂಡೆಗಳು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಸವೆದು ಗುಂಡಗಾಗಿವೆ, ಬಿಸಿಲಲ್ಲಿ ಬರಿಗಾಲಲ್ಲಿ ಹತ್ತಿದರೂ ಕಾಲು ಹಿಡಿಯುತ್ತದೆ. ಹವಳದ ಕಲ್ಲು ಹಾಗಲ್ಲ. ಮೈತುಂಬಾ ತೂತು, ತೂತಿನ ಅಂಚೆಲ್ಲ ಚೂಪು, ಅದರ ಮೇಲೆ ಪಾಚಿ. ಇನ್ನು ನೀರಿನ ವಿಷಯ. ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಡುವುದಿದ್ದರೆ ದಂಡೆಯ ಊರುಗಳಿಗೆ ಮುಂಚೆಯೇ ಹೇಳುತ್ತಾರೆ, ಕಂಪ್ಲಿ ಸೇತುವೆ ಮುಳುಗುವ ಸುದ್ದಿ ನಮಗೆಲ್ಲ ಮೊದಲೇ ಗೊತ್ತಿರುತ್ತದೆ. ಹಾಗಿದ್ದೂ 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಹೊರಗಿನಿಂದ ಬಂದ ಪ್ರವಾಸಿಗರು ಸಿಕ್ಕಿಕೊಂಡು, ರಕ್ಷಣಾ ಪಡೆಯವರು ಬಂದು ಹೊರತರಬೇಕಾಯಿತು. ನೀಲ್‌ನಲ್ಲಿ ನಾವೇ ಹೊರಗಿನವರು. ಅಲ್ಲಿ ನೀರು ಬರುವ ಮುಂಚೆ ಯಾರೂ ಡಂಗುರ ಸಾರುವುದಿಲ್ಲ. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ, ಅಷ್ಟೆ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜೀವ ಉಳಿಯುವುದು ಇದರಲ್ಲೇ. ಇಳಿತದಿಂದ ಉಬ್ಬರಕ್ಕೆ ಆರು ತಾಸಿಗಿಂತ ತುಸು ಹೆಚ್ಚು ಬೇಕು. ಇವತ್ತಿನ ಇಳಿತ ನಾಳೆ ಅದೇ ಹೊತ್ತಿಗೆ ಬರುವುದಿಲ್ಲ, ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಮಧ್ಯಾಹ್ನ ಮೂರಕ್ಕೆ ಕಲ್ಲೆಲ್ಲ ಬಯಲಾಗಿದ್ದರೆ, ಒಂದು ವಾರ ಕಳೆದರೆ ಅದೇ ಮೂರು ಗಂಟೆಗೆ ಉಬ್ಬರ. ಸಮುದ್ರ ನಡೆಯುವುದು ಚಂದ್ರನ ಪ್ರಕಾರ, ಅಂದರೆ ತಿಥಿಯ ಪ್ರಕಾರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹಳ ದೂರ ಸರಿಯುತ್ತದೆ, ಬರುವಾಗಲೂ ಅಷ್ಟೇ ಮೇಲೇರುತ್ತದೆ. ಅಂಡಮಾನಿನಲ್ಲಿ ಆ ಏರಿಳಿತ ಎರಡು ಮೀಟರಿನ ಹತ್ತಿರ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ, ಇಳಿತದಲ್ಲೂ ಕಲ್ಲು ಪೂರ್ತಿ ಬಯಲಾಗುವುದಿಲ್ಲ. ಇನ್ನೊಂದು ಮಾತು: ನೀರು ಒಂದೇ ಸಮ ಏರುವುದಿಲ್ಲ. ಇಳಿತ ಮುಗಿದ ಮೊದಲ ತಾಸು ಏರಿದ್ದೇ ಗೊತ್ತಾಗುವುದಿಲ್ಲ. ಮೂರನೇ, ನಾಲ್ಕನೇ ತಾಸಿನಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ನೀರು ಬಂದುಬಿಡುತ್ತದೆ. ಜನ ಸಿಕ್ಕಿಕೊಳ್ಳುವುದು ಇಲ್ಲಿಯೇ.

ನಮ್ಮನ್ನು ಅಲ್ಲಿ ಇಳಿಸಿದ್ದು ಸರಿಯಾಗಿ ಮೂರನೇ ತಾಸಿನಲ್ಲಿ. ಅವತ್ತು ಏಕಾದಶಿ. ಇಳಿತ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಆಗಿಹೋಗಿತ್ತು. ಕಾರ್ಯಕ್ರಮದ ಪಟ್ಟಿಯಲ್ಲಿ ಮಾತ್ರ ಮೂರು ಗಂಟೆ ಅಂತ ಅಚ್ಚಾಗಿತ್ತು, ಎಲ್ಲ ತಂಡಗಳಿಗೂ ಎಲ್ಲ ದಿನಕ್ಕೂ ಅದೇ ಪಟ್ಟಿ. ಹಡಗು ತಡವಾಗಿದ್ದರಿಂದ ನಾವು ತಲುಪಿದಾಗ ಮೂರೂ ಮೀರಿತ್ತು. ದಂಡೆಯ ಮೇಲಿನ ಎಳನೀರು ಅಂಗಡಿಯಾತ ಕೈ ಅಲ್ಲಾಡಿಸಿ ಹಿಂದಿಯಲ್ಲಿ ಬೇಡ ಅಂದ. ಊರಿನಿಂದ ನಮ್ಮ ಜೊತೆ ಬಂದಿದ್ದ ಏಜೆಂಟಿನ ಹುಡುಗನನ್ನು ನಾನೇ ಕೇಳಿದೆ. “ಏನಾಗಂಗಿಲ್ರಿ ಅಕ್ಕಾರ, ಹತ್ತು ನಿಮಿಷ, ಫೋಟೊ ತಕ್ಕೊಂಡು ಬಂದ್ಬಿಡೂಣು” ಅಂದ. ನೂರಾರು ಜನರನ್ನು ತೋರಿಸಿಕೊಂಡು ಬಂದಿದ್ದೇನೆ ಅಂತಲೂ ಹೇಳಿದ.

ಹೋಗುವಾಗ ನೀರು ಪಾದಕ್ಕೆ. ಕಮಾನಿನ ಕೆಳಗೆ ಫೋಟೊ ಮುಗಿಯುವಷ್ಟರಲ್ಲಿ ನಾವು ನಡೆದು ಬಂದ ಕಲ್ಲುಗಳು ಕಾಣುತ್ತಿರಲಿಲ್ಲ. ನೀರು ಕಲಕಿ ತಳ ಕಾಣದೆ ಹೋಯಿತು. ಯಾವುದು ಹಾಸುಕಲ್ಲು, ಯಾವುದು ಗುಂಡಿ ತಿಳಿಯದೆ ಎಲ್ಲರೂ ಕಾಲಿನಿಂದ ತಡಕಾಡುತ್ತಾ ಹೊರಟೆವು. ಮಗನನ್ನು ಯಜಮಾನರು ಹೆಗಲ ಮೇಲೆ ಕೂರಿಸಿಕೊಂಡರು. ನೀರು ನನ್ನ ಸೊಂಟಕ್ಕೆ ಬಂದಿತ್ತು, ಅಲೆ ಬಂದಾಗ ಎದೆಗೆ. ಅತ್ತೆ ಉಪವಾಸ ಇದ್ದವರು, ಸೀರೆ ಉಟ್ಟವರು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಒಂದು ಅಲೆಗೆ ಬಿದ್ದರು. ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಅಲೆ. ಚಪ್ಪಲಿ ಹೋಗಿತ್ತು. ಅವರ ಅಂಗಾಲು, ಮೊಣಕಾಲು ಕೊಯ್ದಿದ್ದು ನಮಗೆ ಗೊತ್ತಾಗಿದ್ದು ದಂಡೆಗೆ ಬಂದ ಮೇಲೆ. ಏಜೆಂಟಿನ ಹುಡುಗ ಎಲ್ಲರಿಗಿಂತ ಮುಂದೆ ಹೋಗಿ ದಡ ಸೇರಿದ್ದ. ನೀರಿಗಿಳಿದು ಬಂದವರು ಆ ಎಳನೀರಿನಾತ ಮತ್ತು ಇನ್ನು ಕೆಲವು ಊರ ಹುಡುಗರು. ಕೈಗೆ ಕೈ ಹಿಡಿದು ಸಾಲು ನಿಂತು, ಅತ್ತೆಯನ್ನು ಎತ್ತಿಕೊಂಡೇ ಹೋದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಅವರ ಋಣ ದೊಡ್ಡದು.

ಅಷ್ಟರಲ್ಲಿ ಕತ್ತಲು. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಗಂಗಾವತಿಯಲ್ಲಿ ಇನ್ನೂ ಬಿಸಿಲಿರುವ ಐದು ಗಂಟೆಯ ಸುಮಾರಿಗೆ ಚಳಿಗಾಲದಲ್ಲಿ ಅಲ್ಲಿ ಸೂರ್ಯ ಮುಳುಗುತ್ತಾನೆ. ಇನ್ನರ್ಧ ತಾಸು ತಡವಾಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಯೋಚಿಸಲಾರೆ.

ಹವಳದ ಗಾಯವನ್ನು ಹಗುರ ಮಾಡಬೇಡಿ. ಮೇಲಿಂದ ಬರೀ ಗೀರಿನಂತೆ ಕಾಣುತ್ತದೆ, ಒಳಗೆ ಹವಳದ ಚೂರು ಉಳಿದು ಕೀವಾಗುತ್ತದೆ. ದ್ವೀಪದ ಸಣ್ಣ ಆಸ್ಪತ್ರೆಯಲ್ಲಿ ತೊಳೆದು ಟಿಟಿ ಇಂಜೆಕ್ಷನ್ ಕೊಟ್ಟರು. ಅತ್ತೆಗೆ ಸಕ್ಕರೆ ಕಾಯಿಲೆ. ಊರಿಗೆ ಬಂದ ಮೇಲೆ ಪಾದ ಊದಿಕೊಂಡು, ಡಾಕ್ಟರು ಮತ್ತೆ ಕೊಯ್ದು ಒಳಗಿನ ಚೂರು ತೆಗೆದರು. ನಿಮ್ಮ ಜೊತೆ ಸಕ್ಕರೆ ಕಾಯಿಲೆಯವರಿದ್ದರೆ ಅವರನ್ನು ಆ ಕಲ್ಲುಗಳ ಮೇಲೆ ಕರೆದೊಯ್ಯಲೇಬೇಡಿ, ಮೇಲೆ ನೆರಳಲ್ಲಿ ಕೂರಿಸಿ. ಉಳಿದವರು ಹಿಂದೆ ಪಟ್ಟಿ ಇರುವ, ದಪ್ಪ ರಬ್ಬರ್ ತಳದ ಚಪ್ಪಲಿ ಇಲ್ಲವೇ ಬೂಟು ಹಾಕಿ. ಹವಾಯಿ ಚಪ್ಪಲಿ ನಡೆಯುವುದಿಲ್ಲ. ಸೀರೆಯೂ ಬೇಡ.

ಕಮಾನಿನ ಮೇಲೆ ಹತ್ತುವವರನ್ನೂ ನೋಡಿದೆ. ಸಮುದ್ರ ಕೊರೆದ ಕಮಾನು ಒಂದಲ್ಲ ಒಂದು ದಿನ ಬೀಳುವಂಥದ್ದೇ. ಮಾಲ್ಟಾ ದೇಶದ ಗೋಜೊ ದ್ವೀಪದ ಪ್ರಸಿದ್ಧ ಕಮಾನು 2017ರ ಮಾರ್ಚ್‌ನಲ್ಲಿ ಬಿತ್ತು, ಗಲಾಪಗೋಸ್‌ನ ಡಾರ್ವಿನ್ ಕಮಾನು 2021ರ ಮೇನಲ್ಲಿ. ಕೆಳಗೆ ಬಹಳ ಹೊತ್ತು ನಿಲ್ಲುವುದೂ ಬೇಡ. ಹಾಗೆಯೇ, ನೀರಿನ ಗುಂಡಿಯಿಂದ ಸಮುದ್ರ ಸೌತೆ ಅನ್ನುವ ಜೀವಿಯನ್ನೋ ಇನ್ನೇನನ್ನೋ ಎತ್ತಿ ಮಕ್ಕಳ ಕೈಗೆ ಕೊಡುವವರು ಸಿಗುತ್ತಾರೆ, ಬೇಡ ಅನ್ನಿ. ಸಮುದ್ರ ಸೌತೆಗೂ ಹವಳಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಒಂದು ತುಂಡು ಹವಳ ಬ್ಯಾಗಿಗೆ ಹಾಕಿಕೊಂಡರೂ ಅಪರಾಧ.

ಇಳಿತದ ಹೊತ್ತು ತಿಳಿಯುವುದು ಕಷ್ಟವೇನಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವಿಡೀ ದಿನದಿನದ ಉಬ್ಬರ ಇಳಿತದ ಪಟ್ಟಿ ಪ್ರಕಟಿಸುತ್ತದೆ. ದೊಡ್ಡ ಅಲೆಗಳ ಮುನ್ಸೂಚನೆಯನ್ನು ನಮ್ಮ ಪಕ್ಕದ ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ಅದೂ ಬೇಡ ಅಂದರೆ ನೀಲ್‌ನಲ್ಲಿ ಯಾವ ಹೋಟೆಲಿನವರನ್ನು ಕೇಳಿದರೂ ಹೇಳುತ್ತಾರೆ. ಇಳಿತಕ್ಕೆ ಒಂದು ತಾಸು ಮುಂಚೆ ಕಲ್ಲಿಗಿಳಿಯಿರಿ, ಇಳಿತದ ಹೊತ್ತಿಗೆ ವಾಪಸ್ ತಿರುಗಿ. ಸಂಜೆಯ ಇಳಿತ ಬೇಡ, ಬೆಳಕು ಸಾಲುವುದಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರೂ ಅಲ್ಲಿನ ಕಂಬಗಲ್ಲುಗಳ ಅಂಚಿನಲ್ಲಿ ಹುಷಾರಾಗಿರಿ, ಅವೂ ಒದ್ದೆಯಾದರೆ ಜಾರುತ್ತವೆ.

ಏಜೆಂಟಿನ ಹತ್ತಿರ ಹೋಗಿ ಕೇಳಿದ್ದಕ್ಕೆ “ಸಮುದ್ರ ನಮ್ಮ ಕೈಯಾಗ ಐತೇನ್ರಿ?” ಅಂದರು. ಸಮುದ್ರ ಅವರ ಕೈಯಲ್ಲಿಲ್ಲ, ಪಟ್ಟಿ ಅವರ ಕೈಯಲ್ಲೇ ಇದೆ. ಮುಂದಿನ ತಂಡದ ಪಟ್ಟಿಯನ್ನು ಅವರ ಮೇಜಿನ ಮೇಲೆ ನೋಡಿದೆ: ನ್ಯಾಚುರಲ್ ಬ್ರಿಡ್ಜ್, ಮಧ್ಯಾಹ್ನ ಮೂರು ಗಂಟೆ. ನೀಲ್‌ಗೆ ಅವರು ಹೋಗುವ ದಿನದ ಇಳಿತ ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಗಂಗಾವತಿಯಿಂದ ಹೊರಡುವ ಯಾವುದೇ ತಂಡದಲ್ಲಿ ನಿಮ್ಮವರಿದ್ದರೆ, ಇವತ್ತೇ ಫೋನ್ ಮಾಡಿ ಪಟ್ಟಿಯಲ್ಲಿ ಆ ಹೊತ್ತು ಏನಿದೆ ಅಂತ ಕೇಳಿ, ಬದಲಾಯಿಸಲು ಹೇಳಿ.