ಹವ್ಯಾಸಿ ನಾಟಕ: ಯಾವ ದಿನ ಹೋಗಬೇಕು, ಎಲ್ಲಿ ಕೂರಬೇಕು, ಏನು ಗಮನಿಸಬೇಕು

ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಎಣಿಸಿಕೊಟ್ಟವರು ಸಂಜೆ ರಾಜನಾಗಿ ನಿಂತು ಸ್ವಂತ ಮಗನನ್ನು ಗಡೀಪಾರು ಮಾಡುತ್ತಾರೆ. ಊರಿನ ಹವ್ಯಾಸಿ ತಂಡದ ನಾಟಕಕ್ಕೆ ಜನ ಮೊದಲು ಬರುವುದು ಈ ಖುಷಿಗೆ. ಗುರುತಿನ ಮುಖ ನೋಡುವ ಸಂಭ್ರಮ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಆಮೇಲೂ ನಮ್ಮನ್ನು ಕೂರಿಸಿಕೊಳ್ಳುವುದು ಇಪ್ಪತ್ತು ಅಡಿ ದೂರದಿಂದ ಮೈಕಿಲ್ಲದೆ ಬರುವ ಮನುಷ್ಯನ ದನಿ.

ಹಾಗಾಗಿ ಎಲ್ಲಿ ಕೂರುತ್ತೇವೆ ಎಂಬುದು ಮುಖ್ಯ. ಮೊದಲ ಸಾಲು ಬೇಡ. ರಂಗ ಎತ್ತರದಲ್ಲಿದ್ದರೆ ಕತ್ತು ನೋಯುತ್ತದೆ, ನಟರ ಪಾದವೂ ಕಾಣುವುದಿಲ್ಲ. ಮೂರರಿಂದ ಆರನೇ ಸಾಲು, ನಡುಭಾಗ ಒಳ್ಳೆಯದು. ನೆಲ ಇಳಿಜಾರಿಲ್ಲದ ಸಭಾಂಗಣವಾದರೆ ನಡುದಾರಿಯ ಪಕ್ಕದ ಕುರ್ಚಿ ಹಿಡಿಯಿರಿ, ಮುಂದಿನವರ ತಲೆ ಅಡ್ಡ ಬರುವುದಿಲ್ಲ.

ಇನ್ನು ದನಿ. ಹವ್ಯಾಸಿ ನಾಟಕಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉಸಿರು ತೀರುವುದೂ ಅಲ್ಲೇ. ‘ನಾನು ನಾಳೆ ಮನೆಗೆ ಬರು...’ ಎಂದು ಕೇಳಿಸಿ ಬಾಲ ನುಂಗಿಹೋದರೆ, ಬರುತ್ತಾನೋ ಬರುವುದಿಲ್ಲವೋ ಹತ್ತನೇ ಸಾಲಿಗೆ ತಿಳಿಯದು. ಖಾಲಿ ಸಭಾಂಗಣದಲ್ಲಿ ತಾಲೀಮು ಮಾಡಿದಾಗ ಗೋಡೆಗಳು ದನಿಯನ್ನು ಹಿಂದಕ್ಕೆ ಕೊಡುತ್ತವೆ, ಎಲ್ಲ ಚೆನ್ನಾಗಿ ಕೇಳಿದಂತೆ ಅನಿಸುತ್ತದೆ. ಪ್ರದರ್ಶನದ ದಿನ ತುಂಬಿದ ಜನರ ಮೈ ಬಟ್ಟೆಗಳೇ ಆ ದನಿಯನ್ನು ಹೀರಿಬಿಡುತ್ತವೆ. ಕಿರುಚಿದರೆ ಇದು ಸರಿಹೋಗುವುದಿಲ್ಲ. ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ಜಾಗ ಗುರುತಿಸಿ, ಕೊನೆಯ ಪದಕ್ಕೆ ಉಸಿರು ಉಳಿಸಬೇಕು. ಇದನ್ನು ಕಲಿತ ತಂಡ ಯಾವುದೆಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಕಾಲರ್ ಮೈಕ್ ಇದಕ್ಕೆ ಮದ್ದಲ್ಲ: ಬಟ್ಟೆ ಉಜ್ಜಿದ ಸದ್ದೂ ಕೇಳುತ್ತದೆ, ಅಪ್ಪಿಕೊಳ್ಳುವ ದೃಶ್ಯವಂತೂ ಕೆಟ್ಟಂತೆಯೇ. ಇನ್ನೂರು ಜನ ಕೂರುವ ಸಭಾಂಗಣಕ್ಕೆ ಪಳಗಿದ ಕಂಠ ಸಾಕು.

ಬೆಳಕಿನ ದೋಷ ಕಣ್ಣಿಗೇ ಕಾಣುತ್ತದೆ. ದೀಪ ನೆತ್ತಿಯ ಮೇಲಿದ್ದರೆ ಕಣ್ಣಗುಳಿ ಕಪ್ಪಾಗಿ ಮುಖ ಮುಖವಾಡದಂತೆ ಕಾಣುತ್ತದೆ. ನಟ ನಿಲ್ಲುವ ಪ್ರತಿ ಜಾಗಕ್ಕೂ ಮುಂಬದಿಯ ಎರಡೂ ಪಕ್ಕದಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಒಂದೊಂದು ದೀಪ, ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಂಪಿನದು. ಅಮೆರಿಕದ ರಂಗಬೆಳಕಿನ ತಜ್ಞ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದಿಟ್ಟ ಈ ಕ್ರಮಕ್ಕೆ ಬಾಡಿಗೆಯ ಆರೆಂಟು ದೀಪಗಳಲ್ಲೂ ಸಣ್ಣ ರಂಗ ಒಗ್ಗುತ್ತದೆ. ಬಹಳ ತಂಡಗಳು ದೀಪ ಕಟ್ಟುವುದು ಪ್ರದರ್ಶನದ ದಿನ ಬೆಳಿಗ್ಗೆಯೇ, ಹಾಗಾಗಿ ನಟರಿಗೆ ತಮ್ಮ ಬೆಳಕು ಎಲ್ಲಿ ಬೀಳುತ್ತದೆಂದು ಗೊತ್ತಿರುವುದಿಲ್ಲ, ಒಂದು ಹೆಜ್ಜೆ ಹಿಂದೆ ಕತ್ತಲಲ್ಲಿ ನಿಂತು ಮಾತಾಡುತ್ತಾರೆ. ಹಿಂದಿನ ದಿನ ಬೆಳಕು, ಸಂಗೀತ, ವೇಷ ಸಮೇತ ಪೂರ್ತಿ ತಾಲೀಮು ಮಾಡಿದ ತಂಡದಲ್ಲಿ ಈ ತಪ್ಪು ಅಪರೂಪ.

ದೃಶ್ಯ ಬದಲಾವಣೆಗೆ ಹತ್ತು ಸೆಕೆಂಡು ಸಾಕು. ಅರ್ಧ ನಿಮಿಷ ಕತ್ತಲಾದರೆ ಜನ ಮೊಬೈಲ್ ತೆಗೆಯುತ್ತಾರೆ, ಕಟ್ಟಿದ ಬಿಗಿ ಬಿಟ್ಟುಹೋಗುತ್ತದೆ. ಮೇಜು, ಕುರ್ಚಿಯ ಕಾಲು ಬರುವ ಕಡೆ ಕತ್ತಲಲ್ಲಿ ಹೊಳೆಯುವ ಟೇಪಿನ ಚೂರು ಅಂಟಿಸಿರುವುದು ಕಂಡರೆ ಅದು ಅಚ್ಚುಕಟ್ಟಿನ ತಂಡ ಎಂದೇ ತಿಳಿಯಿರಿ. ದೀಪ ಆರುವ ಮುಂಚೆ ಕೆಲವು ಕ್ಷಣ ಒಂದು ಕಣ್ಣು ಮುಚ್ಚಿಕೊಳ್ಳುವ ರಂಗಸಹಾಯಕರಿದ್ದಾರೆ. ಮುಚ್ಚಿದ್ದ ಆ ಕಣ್ಣಿಗೆ ಕತ್ತಲಲ್ಲಿ ದಾರಿ ಬೇಗ ಕಾಣುತ್ತದೆ.

ಮೂರು ಪ್ರದರ್ಶನಗಳಿದ್ದರೆ ಮೂರನೆಯದಕ್ಕೆ ಹೋಗಿ. ಮೊದಲ ದಿನ ಗಾಬರಿಯಲ್ಲಿ ಮಾತು ಓಡುತ್ತದೆ. ಎರಡನೆಯ ದಿನ ಗೆದ್ದೆವೆಂಬ ನಿರಾಳದಲ್ಲಿ ಪಾತ್ರಗಳು ಸಡಿಲವಾಗುತ್ತವೆ. ಮೂರನೆಯ ದಿನಕ್ಕೆ ನಟರು ಒಬ್ಬರ ಮಾತನ್ನು ಒಬ್ಬರು ನಿಜವಾಗಿ ಕೇಳಿಸಿಕೊಳ್ಳಲು ಶುರುಮಾಡಿರುತ್ತಾರೆ. ಒಂದೂವರೆ ಗಂಟೆಯ ನಾಟಕದ ಹಿಂದೆ ಏಳು ವಾರ, ವಾರಕ್ಕೆ ಆರು ಸಂಜೆ, ದಿನಕ್ಕೆ ಎರಡು ಗಂಟೆ ಎಂದರೂ 84 ಗಂಟೆಗಳ ತಾಲೀಮು ಇರುತ್ತದೆ, ಅದೂ ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದು. ಆ ದುಡಿಮೆ ಹಣ್ಣಾಗಿ ಸಿಗುವ ದಿನವೇ ನೋಡುವುದು ಚೆಂದ.

ಪರದೆ ಬಿದ್ದ ಮೇಲೆ ಹತ್ತು ನಿಮಿಷ ಉಳಿಯಿರಿ. ಕೇಳಿದರೆ ರಂಗದ ಹಿಂದಕ್ಕೆ ಬಿಡುವ ತಂಡಗಳು ಬಹಳ. ಅರಮನೆಯ ಗೋಡೆ ಎಂದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಬೆನ್ನಿಗೊಂದು ಊರುಗೋಲು, ಅದರ ಬುಡಕ್ಕೆ ಮರಳಿನ ಚೀಲ. ನಾಟಕದಲ್ಲಿ ಬಾಗಿಲು ಬಡಿದಾಗ ಗೋಡೆ ಅಲುಗಿದ್ದರೆ, ಆ ಚೀಲ ಹಗುರವಾಗಿತ್ತು.