ತೆರಿಗೆ ಕಾಗದಗಳಿಗೆ ಹದಿಮೂರು ಖಾನೆಗಳ ಫೈಲ್: ನಾಲ್ಕೂವರೆ ವರ್ಷ ಬಳಸಿದ ಮೇಲೆ

2021ರ ಮಾರ್ಚ್ ಕೊನೆಯಲ್ಲಿ ಮೈಸೂರಿನ ಶಿವರಾಂಪೇಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ 260 ರೂಪಾಯಿ ಕೊಟ್ಟು ಈ ಫೈಲ್ ತಂದೆ. ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಳ್ಳುವ ಗಟ್ಟಿ ಪ್ಲಾಸ್ಟಿಕ್ಕಿನ ಫೈಲ್, ಒಳಗೆ ಹದಿಮೂರು ಖಾನೆ. ಎ4 ಹಾಳೆಯನ್ನು ಮಡಚದೆ ಇಡಬಹುದು. ಮೇಲೊಂದು ಮುಚ್ಚಳ, ಅದನ್ನು ಬಿಗಿದಿಡಲು ಎಲಾಸ್ಟಿಕ್ ದಾರ.

ನಮ್ಮ ಮನೆಯಲ್ಲಿ ಆದಾಯ ತೆರಿಗೆಯ ಲೆಕ್ಕ ಮೂವರದ್ದು. ನಾನು ಶಿಕ್ಷಕಿ, ಯಜಮಾನರು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ನೌಕರರು, ಮಾವನವರು ನಿವೃತ್ತರು. ಅಲ್ಲಿಯವರೆಗೆ ಒಬ್ಬರ ಕಾಗದ ಬೀರುವಿನಲ್ಲಿ, ಇನ್ನೊಬ್ಬರದ್ದು ಹಾಸಿಗೆಯ ಕೆಳಗೆ, ಮತ್ತಷ್ಟು ಯಜಮಾನರ ಕೈಚೀಲದಲ್ಲಿ ಇರುತ್ತಿದ್ದವು. ತೆರಿಗೆಯ ಲೆಕ್ಕ ಸಲ್ಲಿಸುವ ಜುಲೈ ಬಂತೆಂದರೆ ಹುಡುಕಾಟ, ಹುಡುಕಾಟದ ಹಿಂದೆಯೇ ಮಾತಿಗೆ ಮಾತು. ಆ ಜಗಳ ಈಗ ಇಲ್ಲ. ಫೈಲಿನ ಬಗ್ಗೆ ಇಷ್ಟು ಬರೆಯಲು ಮುಖ್ಯ ಕಾರಣ ಅದೇ.

ಫೈಲಿನ ಜೊತೆ ಬಂದ ಚೀಟಿಗಳಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಹೆಸರುಗಳಿದ್ದವು. ನಮ್ಮ ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಆದ್ದರಿಂದ ಏಪ್ರಿಲ್ ಚೀಟಿಯನ್ನು ಮುಂದೆ ತಂದು ಸಿಕ್ಕಿಸಿ ಒಂದು ವರ್ಷ ತಿಂಗಳ ಪ್ರಕಾರವೇ ತುಂಬಿದೆ. ಅದು ತಪ್ಪಾಯಿತು. ಜನವರಿಯಲ್ಲಿ ಯಜಮಾನರ ಕಚೇರಿಯವರು ಹೂಡಿಕೆಯ ಪುರಾವೆ ಕೇಳಿದಾಗ, ಮೂರು ತಿಂಗಳಿಗೊಮ್ಮೆ ಕಟ್ಟುವ ವಿಮೆ ಕಂತಿನ ರಸೀದಿಗಳಿಗಾಗಿ ಎಲ್ಲ ಖಾನೆಗಳನ್ನೂ ತಡಕಬೇಕಾಯಿತು. ತೆರಿಗೆಯ ಕೆಲಸಕ್ಕೆ ಕುಳಿತಾಗ ಯಾರಿಗೂ ‘ಅಕ್ಟೋಬರ್’ ಬೇಕಿರುವುದಿಲ್ಲ. ವಿಮೆ ಬೇಕು, ಬಡ್ಡಿ ಬೇಕು, ಸಾಲದ ಪತ್ರ ಬೇಕು.

2022ರ ಯುಗಾದಿಗೆ ಚೀಟಿಗಳನ್ನೆಲ್ಲ ಕಿತ್ತು ಹೊಸದಾಗಿ ಬರೆದೆ. ಮೊದಲ ಮೂರು ಖಾನೆ ಮೂವರ ಸಂಬಳ ಮತ್ತು ಪಿಂಚಣಿಗೆ. ಆಮೇಲೆ ಬ್ಯಾಂಕ್ ಮತ್ತು ಅಂಚೆ ಕಚೇರಿಯ ಬಡ್ಡಿ, ವಿಮೆ ಮತ್ತು ಪಿಪಿಎಫ್ ಉಳಿತಾಯ, ಗೃಹಸಾಲ, ಆಸ್ಪತ್ರೆ, ದಾನದ ರಸೀದಿ, ಪಾಲಿಕೆಯ ಕಂದಾಯ, ಹೀಗೆ. ಕೊನೆಯ ಖಾನೆಗೆ ‘ಎಲ್ಲಿಗೆ ಸೇರಬೇಕೋ ತಿಳಿಯದ್ದು’ ಎಂದು ಬರೆದೆ. ಇಡೀ ಫೈಲಿನಲ್ಲಿ ಹೆಚ್ಚು ಕೆಲಸಕ್ಕೆ ಬಂದಿರುವುದು ಈ ಕೊನೆಯ ಖಾನೆ. ಅಂಚೆಯಲ್ಲಿ ಬಂದ ಕಾಗದವನ್ನು ಮಾವನವರು ಮೊದಲೆಲ್ಲ ನನ್ನನ್ನು ಕೇಳಿ ಇಡೋಣವೆಂದು ಮೇಜಿನ ಮೇಲೆ ಬಿಡುತ್ತಿದ್ದರು, ಅದು ಅಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಈಗ ಯಾರನ್ನೂ ಕೇಳದೆ ಆ ಖಾನೆಗೆ ಹಾಕುತ್ತಾರೆ. “ಹಿಂದಿನದರಲ್ಲಿ ಹಾಕಿದ್ದೇನೆ, ನೋಡಮ್ಮ” ಎಂದರೆ ಮುಗಿಯಿತು. ತಿಂಗಳ ಕೊನೆಯ ಭಾನುವಾರ ಕಾಲು ಗಂಟೆ ಕುಳಿತು ಅವನ್ನು ಅವುಗಳ ಖಾನೆಗೆ ಸೇರಿಸುತ್ತೇನೆ.

ಮಾವನವರ ವಿಷಯದಲ್ಲೇ ಒಂದು ಪಾಠ ಕಲಿತೆವು. ತೆರಿಗೆ ಬೀಳುವಷ್ಟು ಆದಾಯವಿಲ್ಲ, ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಎಂದು ಹಿರಿಯ ನಾಗರಿಕರು ಬ್ಯಾಂಕಿಗೆ ಕೊಡುವ 15ಎಚ್ ಅರ್ಜಿಯನ್ನು ಮೊದಲ ವರ್ಷ ಕೊಡುವುದು ಮರೆತುಹೋಯಿತು. ಹಿರಿಯ ನಾಗರಿಕರ ಠೇವಣಿ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಆಗ ಶೇಕಡಾ 10ರಷ್ಟು ಟಿಡಿಎಸ್, ಅಂದರೆ ಬಡ್ಡಿ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಿದ್ದರು. 2025ರ ಏಪ್ರಿಲ್‌ನಿಂದ ಆ ಮಿತಿ 1 ಲಕ್ಷ ರೂಪಾಯಿಯಾಗಿದೆ. ಅವರಿಗೆ ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ. ಆದರೂ ಹಿಡಿದ ಹಣವನ್ನು ವಾಪಸು ಪಡೆಯಲು ರಿಟರ್ನ್ಸ್, ಅಂದರೆ ವರ್ಷದ ಆದಾಯದ ಲೆಕ್ಕ, ಇಲಾಖೆಗೆ ಸಲ್ಲಿಸಿ ಕಾಯಬೇಕಾಯಿತು. ಔಷಧಿಗೆಂದು ಎಣಿಸಿಟ್ಟ ಹಣ ಹಾಗೆ ತಿಂಗಳುಗಟ್ಟಲೆ ಕೈಗೆ ಸಿಗದಿದ್ದರೆ ವಯಸ್ಸಾದವರಿಗೆ ಎಷ್ಟು ಕಸಿವಿಸಿಯಾಗುತ್ತದೆ ಎಂದು ಹತ್ತಿರದಿಂದ ನೋಡಿದೆ. ಮುಚ್ಚಳದ ಒಳಬದಿಯಲ್ಲಿ ಒಂದು ಬಿಳಿ ಹಾಳೆ ಅಂಟಿಸಿದ್ದು ಆಮೇಲೆ. ಏಪ್ರಿಲ್ ಮೊದಲ ವಾರ 15ಎಚ್. ಅದೇ ತಿಂಗಳು ಮನೆ ಕಂದಾಯ, ಶೇಕಡಾ 5 ರಿಯಾಯಿತಿ ಸಿಗುತ್ತದೆ. ಜೂನ್ 15ರೊಳಗೆ ಸಂಬಳ ಮತ್ತು ಹಿಡಿದ ತೆರಿಗೆಯ ಬಗ್ಗೆ ಕಚೇರಿ ಕೊಡುವ ಫಾರ್ಮ್ 16. ಜುಲೈ 31ಕ್ಕೆ ರಿಟರ್ನ್ಸ್. ಸಲ್ಲಿಸಿದ 30 ದಿನದೊಳಗೆ ಇ-ವೆರಿಫಿಕೇಶನ್, ಅಂದರೆ ಆನ್‌ಲೈನ್ ದೃಢೀಕರಣ. ಫೈಲ್ ತೆರೆದಾಗಲೆಲ್ಲ ಕಣ್ಣಿಗೆ ಬೀಳುವ ಜಾಗ ಅದು. ಮೊಬೈಲ್ ಜ್ಞಾಪನೆಗಿಂತ ನನಗೆ ಇದೇ ಹಿಡಿಸಿತು.

ಇನ್ನು ಆಸ್ಪತ್ರೆಯ ಖಾನೆ. ಅರವತ್ತು ದಾಟಿದ, ಆರೋಗ್ಯ ವಿಮೆ ಇಲ್ಲದ ತಂದೆ ತಾಯಿಯ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ ಅಡಿಯಲ್ಲಿ ತೆರಿಗೆಯ ಆದಾಯದಿಂದ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತ ಸಿಗುತ್ತಿತ್ತು. ಇಂಥ ಕಡಿತಗಳಿರುವ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ನಗದಾಗಿ ಕೊಟ್ಟಿರಬಾರದು. ಯಜಮಾನರು ಕಾರ್ಡಿನಲ್ಲೇ ಕೊಟ್ಟಿದ್ದರು, ಬಿಲ್ಲುಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೆ. 2023ರ ಜನವರಿಯಲ್ಲಿ ತೆಗೆದು ನೋಡಿದರೆ ಒಂಬತ್ತು ಬಿಲ್ಲುಗಳಲ್ಲಿ ಆರು ಬರೀ ಬಿಳಿ ಕಾಗದ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಗಡಿಯ ಹೆಸರಿನ ನೆರಳಷ್ಟೇ ಕಾಣುತ್ತಿತ್ತು. ಔಷಧಿ ಅಂಗಡಿಯ ಬಿಲ್ಲಿಗೆ ಶಾಯಿ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿ ಕಪ್ಪಾಗಿ ಅಕ್ಷರ ಮೂಡುತ್ತದೆ, ಸೆಕೆಗೆ, ಬೆಳಕಿಗೆ ಮತ್ತೆ ಮಾಸುತ್ತದೆ. ಅಂಗಡಿಯವರು ಪುಣ್ಯಾತ್ಮರು, ಕಂಪ್ಯೂಟರಿನಲ್ಲಿ ಹುಡುಕಿ ಮೂರನ್ನು ಮತ್ತೆ ಮುದ್ರಿಸಿ ಕೊಟ್ಟರು. ಉಳಿದ ಮೂರು ಹೋದಂತೆಯೇ. ಅಂದಿನಿಂದ ಅಂಥ ಬಿಲ್ಲು ಮನೆಗೆ ಬಂದ ದಿನವೇ ಜೆರಾಕ್ಸ್ ಆಗುತ್ತದೆ, ಅಸಲು ಮತ್ತು ನಕಲು ಒಟ್ಟಿಗೆ ಪಿನ್ ಆಗುತ್ತವೆ.

ಅಲ್ಲೂ ಒಂದು ಎಡವಟ್ಟಾಯಿತು. ಹೆಚ್ಚು ಭದ್ರವಾಗಿರಲಿ ಎಂದು ಜೆರಾಕ್ಸ್ ಪ್ರತಿಗಳನ್ನು ಮೆತ್ತನೆಯ ಪಾರದರ್ಶಕ ಕವರಿನಲ್ಲಿ ಹಾಕಿ ಖಾನೆಗೆ ಇಳಿಸಿದ್ದೆ. ಬೇಸಿಗೆ ಕಳೆಯುವಷ್ಟರಲ್ಲಿ ಜೆರಾಕ್ಸ್‌ನ ಅಕ್ಷರಗಳು ಕವರಿಗೆ ಅಂಟಿಕೊಂಡು, ಬಿಡಿಸುವಾಗ ಹಾಳೆಯಿಂದ ಎದ್ದುಬಂದವು. ಫೈಲಿನ ಗಟ್ಟಿ ಪ್ಲಾಸ್ಟಿಕ್‌ಗೆ ಹಾಗೆ ಅಂಟಿದ್ದು ಒಮ್ಮೆಯೂ ಇಲ್ಲ. ಕವರ್ ಬೇಡ, ಹಾಳೆಯನ್ನು ನೇರವಾಗಿ ಖಾನೆಗೇ ಹಾಕಿ.

ಹೊಸ ತೆರಿಗೆ ಪದ್ಧತಿ ಬಂದ ಮೇಲೆ ಇದೆಲ್ಲ ಯಾಕೆ ಎಂದು ನಮ್ಮ ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ. 2023-24ರಿಂದ ನಾವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ ಹೊಸ ಪದ್ಧತಿಯೇ ಅನ್ವಯ, ಅದರಲ್ಲಿ ವಿಮೆ, ಪಿಪಿಎಫ್‌ಗಳಿಗೆ ಸಿಗುವ 80ಸಿ ಕಡಿತ ಇಲ್ಲ ಎನ್ನುವುದು ನಿಜ. ಆದರೆ ಸಂಬಳದಾರರು ಪ್ರತಿ ವರ್ಷವೂ ಎರಡರಲ್ಲಿ ಒಂದನ್ನು ಆರಿಸಬಹುದು. ಕಾಗದ ಮುಂದಿಲ್ಲದೆ ಆರಿಸುವುದು ಹೇಗೆ? ನಮ್ಮಲ್ಲಿ ಕಳೆದ ಸಲ ನನಗೆ ಹೊಸದು, ಗೃಹಸಾಲವಿರುವ ಯಜಮಾನರಿಗೆ ಹಳೆಯದು ಲಾಭವಾಯಿತು. ಅದಲ್ಲದೆ ಬಡ್ಡಿ ಯಾವ ಪದ್ಧತಿಯಲ್ಲೂ ಆದಾಯವೇ. ಇಲಾಖೆಯ ಜಾಲತಾಣದಲ್ಲಿರುವ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಪಕ್ಕದಲ್ಲಿಟ್ಟುಕೊಂಡು ಬಡ್ಡಿಯ ಖಾನೆಯ ಒಂದೊಂದೇ ಪತ್ರಕ್ಕೆ ಪೆನ್ಸಿಲ್ ಗುರುತು ಹಾಕುತ್ತೇನೆ. ನಾನು ಮರೆತೇಬಿಟ್ಟಿದ್ದ ಒಂದು ಸಣ್ಣ ಠೇವಣಿಯ ಬಡ್ಡಿ ಹಾಗೆ ನೋಡುವಾಗಲೇ ಸಿಕ್ಕಿತು.

ಕಳೆದ ವರ್ಷ ಮಂಡ್ಯದ ತವರಿಗೂ ಇಂಥದ್ದೇ ಒಂದನ್ನು ಒಯ್ದು ಕೊಟ್ಟೆ. ಬೆಲೆ 340 ಆಗಿತ್ತು. ಅಲ್ಲಿರುವ ನನ್ನ ತಮ್ಮ ಒಂದು ಕಚೇರಿಯಲ್ಲಿ ಗುಮಾಸ್ತ, ಜೊತೆಗೆ ಕಬ್ಬಿನ ಗದ್ದೆ ಇದೆ. “ಅಕ್ಕ, ಬೇಸಾಯಕ್ಕೆ ತೆರಿಗೆ ಇಲ್ಲವಲ್ಲ” ಎಂದ. ಬೆಳೆಯ ಹಣಕ್ಕೆ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ರಿಟರ್ನ್ಸ್‌ನ ಸರಳ ನಮೂನೆಯಾದ ಐಟಿಆರ್-1 ಬಳಸುವಂತಿಲ್ಲ, ಸಂಬಳದ ಮೇಲಿನ ತೆರಿಗೆಯ ದರ ಲೆಕ್ಕ ಹಾಕುವಾಗಲೂ ಆ ಮೊತ್ತ ಸೇರಬಹುದು. ಈಗ ಅವನ ಫೈಲಿನಲ್ಲಿ ಕಬ್ಬಿನ ತೂಕದ ಚೀಟಿಗೆ ಒಂದು ಖಾನೆ, ಆಲೆಮನೆಯ ಲೆಕ್ಕಕ್ಕೆ ಒಂದು, ಗೊಬ್ಬರ ಮತ್ತು ಕೂಲಿಯ ಖರ್ಚಿಗೆ ಒಂದು ಇವೆ.

ಫೈಲಿನ ಕೊರತೆಗಳನ್ನೂ ಹೇಳಬೇಕು. ಎಲಾಸ್ಟಿಕ್ ಎರಡನೇ ವರ್ಷಕ್ಕೇ ಜೋತುಬಿತ್ತು. ದರ್ಜಿಯಿಂದ ಲಾಡಿ ತಂದು ಕಟ್ಟಿದ್ದೇನೆ. ಗೃಹಸಾಲದ ಖಾನೆಯ ತಳ ಮೂಲೆಯಲ್ಲಿ ಬಿರಿದಿದೆ, ಅಗಲವಾದ ಟೇಪ್ ಹಚ್ಚಿದ ಮೇಲೆ ನಿಂತಿದೆ. ಹೆಸರಿನ ಚೀಟಿಗಳು ಜಾರುತ್ತವೆ, ಅಂಟು ಹಾಕದೆ ನಿಲ್ಲುವುದಿಲ್ಲ. ಛಾಪಾ ಕಾಗದದಂಥ ಉದ್ದ ಹಾಳೆ ಇದರಲ್ಲಿ ಹಿಡಿಸುವುದಿಲ್ಲ, ಕ್ರಯಪತ್ರಕ್ಕೆ ಬೇರೆ ಜಾಗ ನೋಡಿಕೊಳ್ಳಿ. ಹಲವು ವರ್ಷದ ಕಾಗದವನ್ನು ಒಂದರಲ್ಲೇ ತುರುಕಿದರೆ ಹೊಲಿಗೆ ತಡೆಯುವುದಿಲ್ಲ. ರಿಟರ್ನ್ಸ್ ಮುಗಿದ ಮೇಲೆ ಆ ವರ್ಷದ್ದನ್ನೆಲ್ಲ ಖಾಕಿ ಲಕೋಟೆಗೆ ತುಂಬಿ, ಮೇಲೆ ‘2024-25ರ ಆದಾಯ, ಅಸೆಸ್‌ಮೆಂಟ್ ವರ್ಷ 2025-26’ ಎಂದು ಎರಡನ್ನೂ ಬರೆದು ಬೀರುವಿನ ಮೇಲಿಡುತ್ತೇನೆ. ಅಸೆಸ್‌ಮೆಂಟ್ ವರ್ಷವೆಂದರೆ ಆ ಆದಾಯದ ತೆರಿಗೆ ಲೆಕ್ಕವಾಗುವ ಮರುವರ್ಷ, ಆದ್ದರಿಂದ ಒಂದನ್ನೇ ಬರೆದರೆ ಆಮೇಲೆ ಗೊಂದಲವಾಗುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು, ಅಲ್ಲಿಂದ ಮುಂದಿನ ಆದಾಯಕ್ಕೆ ಈ ಕಷ್ಟವಿಲ್ಲ.

2025ರಲ್ಲಿ ಸರ್ಕಾರ ರಿಟರ್ನ್ಸ್‌ನ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ 16ಕ್ಕೆ ಮುಂದೂಡಿತು. ನಮ್ಮ ಮನೆಯ ಮೂರೂ ರಿಟರ್ನ್ಸ್ ಜುಲೈನಲ್ಲೇ ಹೋಗಿದ್ದವು. ಆಯುಧ ಪೂಜೆಯ ದಿನ ಮಾವನವರು ಪುಸ್ತಕಗಳ ಜೊತೆಗೆ ಈ ಫೈಲನ್ನೂ ಒರೆಸಿ ಇಟ್ಟು ಕುಂಕುಮ ಹಚ್ಚಿದರು. ಅದಕ್ಕೂ ಮೊದಲು ಮೂರನೇ ಖಾನೆ ತೆರೆದು, ಏಪ್ರಿಲ್‌ನಲ್ಲಿ ಕೊಟ್ಟ 15ಎಚ್ ನಕಲಿನ ಮೇಲೆ ಬ್ಯಾಂಕಿನ ಮೊಹರು ಇದೆಯೇ ಎಂದು ಅವರೇ ಒಮ್ಮೆ ನೋಡಿಕೊಂಡರು.