ನಿನಾ, ಇಕೋಸ್, ಶಾರ್ಪ್‌ಕ್ಯಾಪ್: ಪುಣೆಯ ಆಕಾಶಕ್ಕೆ ಯಾವುದು?
ಈ ಮೂರೂ ಟೆಲಿಸ್ಕೋಪ್, ಕ್ಯಾಮೆರಾ ನಡೆಸಿ ಆಕಾಶದ ಫೋಟೋ ತೆಗೆಯುವ ಸಾಫ್ಟ್‌ವೇರ್‌ಗಳು. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಣ್ಣು ಮುಚ್ಚಿ ನಿನಾ ಹಾಕಿಕೊಳ್ಳಿ. ಉಚಿತ. ಗುರಿ ಹಿಡಿಯುವುದು, ಫೋಕಸ್, ಮೆರಿಡಿಯನ್ ಫ್ಲಿಪ್ (ಗುರಿ ನೆತ್ತಿಯ ಉತ್ತರ-ದಕ್ಷಿಣ ಗೆರೆ ದಾಟಿದಾಗ ಟೆಲಿಸ್ಕೋಪಿನ ಮಗ್ಗುಲು ಬದಲಿಸುವುದು) ಎಲ್ಲಾ ತಾನೇ ನೋಡಿಕೊಳ್ಳುತ್ತದೆ. ಇಲ್ಲಿಯವರಿಗೆ ಇನ್ನೊಂದು ಲಾಭವಿದೆ. ಟೆಲಿಸ್ಕೋಪಿನ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಹೊಂದಿಸೋಕೆ (ಪೋಲಾರ್ ಅಲೈನ್‌ಮೆಂಟ್) ಸಾಮಾನ್ಯವಾಗಿ ಧ್ರುವ ನಕ್ಷತ್ರ ನೋಡಬೇಕು. ಪುಣೆಯಲ್ಲಿ ಅದು ಬರೀ 18 ಡಿಗ್ರಿ ಎತ್ತರದಲ್ಲಿರುತ್ತದೆ. ಉತ್ತರಕ್ಕೊಂದು ಅಪಾರ್ಟ್‌ಮೆಂಟ್ ಎದ್ದರೆ ಮುಗೀತು, ಅಲ್ವಾ? ನಿನಾದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್‌ಗೆ ಅದು ಕಾಣಲೇಬೇಕೆಂದಿಲ್ಲ. ಆಕಾಶದ ಬೇರೆ ಕಡೆ ತೆಗೆದ ಮೂರು ಫೋಟೋ ಸಾಕು.

ಆದರೆ ನಿನಾ ಗೈಡಿಂಗ್ (ಒಂದು ನಕ್ಷತ್ರವನ್ನು ಗಮನಿಸುತ್ತಾ ಟೆಲಿಸ್ಕೋಪಿನ ಚಲನೆ ತಿದ್ದುವುದು) ಮಾಡುವುದಿಲ್ಲ. ಅದಕ್ಕೆ ಪಿಎಚ್‌ಡಿ2 ಜೊತೆಗಿರಲಿ, ಅದೂ ಉಚಿತ. ಅದರ ಗ್ರಾಫ್ ನೋಡಿ ಹೊಸಬರು ಸುಮ್ನೆ ಗಾಬರಿಯಾಗುತ್ತಾರೆ. ನಿಮ್ಮ ಪಿಕ್ಸೆಲ್ ಸ್ಕೇಲ್ (ಕ್ಯಾಮೆರಾದ ಒಂದು ಪಿಕ್ಸೆಲ್ ಹಿಡಿಯುವ ಆಕಾಶ) 2 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಇದ್ದು, ಒಟ್ಟು ಆರ್‌ಎಂಎಸ್ (ಗೈಡಿಂಗ್‌ನ ಸರಾಸರಿ ತಪ್ಪು) 1ರ ಆಸುಪಾಸಿದ್ದರೆ ಗೆರೆ ಕುಣಿದರೂ ತಲೆ ಕೆಡಿಸಿಕೊಳ್ಳಬೇಡಿ.

ಮ್ಯಾಕ್, ಲಿನಕ್ಸ್, ರಾಸ್ಪ್‌ಬೆರಿ ಪೈ ಇದ್ದವರಿಗೆ ಕೆಸ್ಟಾರ್ಸ್ ಎಂಬ ಆಕಾಶ ನಕ್ಷೆ ಸಾಫ್ಟ್‌ವೇರ್ ಒಳಗಿನ ಇಕೋಸ್. ಗೈಡರ್ ಒಳಗೇ ಇದೆ. ಆದರೆ ಸೆಟ್ಟಿಂಗ್ಸ್ ಜಾಸ್ತಿ, ತಾಳ್ಮೆ ಬೇಕು. ಶಾರ್ಪ್‌ಕ್ಯಾಪ್ ವಿಂಡೋಸ್‌ಗೆ ಮಾತ್ರ. ಚಿತ್ರ ಕಣ್ಣೆದುರೇ ಮೂಡುವ ಲೈವ್ ಸ್ಟ್ಯಾಕಿಂಗ್‌ಗೆ ಚೆನ್ನ, ರಾತ್ರಿಯಿಡೀ ಓಡಿಸೋಕೆ ನನಗೆ ನಿನಾನೇ ಇಷ್ಟ. ಲ್ಯಾಪ್‌ಟಾಪೇ ಬೇಡ, ಫೋನ್ ಸಾಕು ಅಂದರೆ ಇದೇ ಕೆಲಸ ಮಾಡುವ, ಜೆಡ್‌ಡಬ್ಲ್ಯುಒ ಕಂಪನಿಯ ಎಎಸ್‌ಐಏರ್ ಡಬ್ಬಿ ಇದೆ. ಆದರೆ ಆಸ್ಟ್ರೋ ಕ್ಯಾಮೆರಾ ಅದೇ ಕಂಪನಿಯದ್ದಾಗಿರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೇಗೂ ಮೋಡ. ಆಗ ಪಿಎಚ್‌ಡಿ2ನ ಸಿಮ್ಯುಲೇಟರ್ ಹಾಕಿ ಮನೆಯಲ್ಲೇ ಕೈ ಪಳಗಿಸಿಕೊಳ್ಳಿ.